ತಟ್ಟನೆ ಒಪ್ಪಿದ ಟೀಚರ್

ಕನ್ನಡಕದ ಅಂಗಡಿಯವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಇದಾ-ಅದಾ. ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಲ್ಲಿ ಬರುವ ಮಾತೇ ಅದು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಭಾರದ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿ ತೆಗೆದು ಇನ್ನೊಂದು ಹಾಕಿ, "ಇದಾ, ಅದಾ?" ಎನ್ನುತ್ತಾನೆ. ಗಿರಾಕಿ ಯಾವುದು ಎನ್ನುತ್ತಾನೋ ಅದೇ ಸರಿ. ಅವನ ಕೆಲಸದಲ್ಲಿ ಇದೊಂದು ಸುಖ, ತೀರ್ಮಾನ ಯಾವತ್ತೂ ಎದುರಿಗೆ ಕೂತವರದ್ದು.

ಅಂಗಡಿಯ ಹೊಸ್ತಿಲು ದಾಟಿದರೆ ಈ ಸುಖ ಇರಲಿಲ್ಲ. ಛತ್ರಿ ಕೊಳ್ಳಲು ಹೋಗಿ, ಕಪ್ಪೋ ನೀಲಿಯೋ ಎಂದು ಮೀನಮೇಷ ಎಣಿಸುತ್ತ ನಿಂತು, ಮಳೆ ಬಂದು ಹೋದ ಮೇಲೆ ಬರಿಗೈಯಲ್ಲಿ ಮನೆಗೆ ಬಂದ ಮಹಾನುಭಾವ ಇವನು. ಅವನ ಮದುವೆಗೆ ಹೂಂ ಎಂದದ್ದು ಅವನ ತಾಯಿ. ಅಂಗಡಿಗೆ ಜಾಗ ಹುಡುಕಿದ್ದು ಹೆಂಡತಿ. ಮಗಳನ್ನು ಯಾವ ಶಾಲೆಗೆ ಹಾಕುವುದೆಂದು ಅತ್ತೆ ಸೊಸೆ ಜಗಳವಾಡುತ್ತಿದ್ದಾಗ ಇವನು ಇಬ್ಬರಿಗೂ ತಲೆಯಾಡಿಸಿ ಇಬ್ಬರಿಂದಲೂ ಬೈಸಿಕೊಂಡ.

ಇಂಥವನು ಜೀವಮಾನದಲ್ಲಿ ಒಂದೇ ಒಂದು ಸಲ ಯಾರ ಮುಖವನ್ನೂ ನೋಡದೆ ತೀರ್ಮಾನ ಮಾಡಿದ್ದ. ಅದು ಮನೆಯ ವಿಷಯದಲ್ಲಿ. ಅಂಗಡಿಯ ಮೇಲಿನ ಎರಡು ಬಾಡಿಗೆ ಕೋಣೆಗಳನ್ನು ಮಾಲೀಕ ಬಿಡಲು ಹೇಳಿದ್ದ. ಮದುವೆಯಾದಾಗಿನಿಂದ ಮನೆಯಿಂದ ಮನೆಗೆ ಪಾತ್ರೆ ಹೊತ್ತು ಸಾಕಾಗಿದ್ದ ಹೆಂಡತಿ, "ಇನ್ನೊಂದು ಬಾಡಿಗೆ ಮನೆ ಅಂತ ಹೇಳ್ಬೇಡಿ, ನಾನು ಬರಲ್ಲ," ಎಂದಿದ್ದಳು. ಆಗ ಸಿಕ್ಕಿದ್ದು ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರ ಪುಟ್ಟ ಮನೆ. ಜೊತೆಯಲ್ಲಿದ್ದ ಅಕ್ಕ ತೀರಿಕೊಂಡ ಮೇಲೆ ಅವರು ಅದನ್ನು ಮಾರಿ, ಗೆಳತಿಯೊಬ್ಬಳು ಇರುವ ಕಟ್ಟಡಕ್ಕೆ ಹೋಗುವವರಿದ್ದರು. ಮಾರುವವರು ಹುಳುಕು ಮುಚ್ಚಿಡುವುದು ಲೋಕರೂಢಿ. ಈ ಟೀಚರ್ ಮಾತ್ರ ಹುಳುಕನ್ನೇ ಮೊದಲು ತೋರಿಸಿದರು. ಹಿಂದಿನ ಕೋಣೆಯ ಗೋಡೆಗೆ ತೇವ ಹಿಡಿಯುತ್ತದೆ, ಬಚ್ಚಲ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತದೆ, ಎಂದು ಒದ್ದೇ ತೋರಿಸಿದರು. ಇವನು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, "ಇದೇ ಇರಲಿ," ಎಂದುಬಿಟ್ಟ. ಬೆಲೆಯೂ ಆ ಸಂಜೆಯೇ ಚಹಾ ಆರುವುದರೊಳಗೆ ಕುದುರಿತು, ಮುಂಗಡವೂ ಕೊಟ್ಟಾಯಿತು. ವಾಪಸ್ ಬರುವ ದಾರಿಯಲ್ಲಿ, ಜೊತೆಗೆ ಮನೆ ನೋಡಲು ಬಂದಿದ್ದ ಹೆಂಡತಿ ನಡುಬೀದಿಯಲ್ಲೇ ಅವನ ತೋಳು ಹಿಡಿದುಕೊಂಡು ನಡೆದಳು. ಹಾಗೆ ಅವಳು ಎಂದೂ ಹಿಡಿದವಳಲ್ಲ.

ನೋಂದಣಿಗೆ ಇನ್ನು ಒಂದೇ ವಾರ ಇದೆ ಎನ್ನುವಾಗ ಹೆಂಡತಿಯ ಅಣ್ಣ ಬಂದ. ಈ ಭಾವ ಒಂದು ಫ್ಲಾಟು ಕೊಂಡಿದ್ದ, ಅಂದಿನಿಂದ ಭೂಮಿಯ ಮೇಲಿನ ಸಕಲ ಮನೆಗಳ ಬಗ್ಗೆಯೂ ಅವನಿಗೆ ಅಧಿಕಾರ ಬಂದುಬಿಟ್ಟಿತ್ತು. ಕುರ್ಚಿ ಎಳೆದುಕೊಂಡು ಕೂತವನೇ ಕಿವಿ ಊದಲು ಶುರು ಮಾಡಿದ.

"ಇನ್ನೂ ಅದೇ ರೇಟಾ? ಈಗ ಇಳಿಸಿ ಅಂತ ಕೇಳಿ. ಇದೇ ಸಮಯ."

"ಮಾತಾಗಿ ಹೋಗಿದೆಯಲ್ಲ," ಎಂದ ಇವನು.

"ಮಾತಾಗಿದೆ, ದುಡ್ಡು ಪೂರ್ತಿ ಕೈ ಬದಲಾಗಿಲ್ವಲ್ಲ. ಅವರು ಗಂಟುಮೂಟೆ ಕಟ್ಟಿ ಕೂತಿದ್ದಾರೆ, ಇನ್ನು ಹಿಂದೆ ಸರಿಯೋಕಾಗಲ್ಲ. ಗೋಡೆ ತೇವ ಅಂತ ಹೇಳಿ. ನಾನೂ ಹೀಗೇ ಮಾಡಿದ್ದು. ಎಲ್ರೂ ಮಾಡ್ತಾರೆ. ಕೇಳ್ದೇ ಇದ್ರೆ ಪೆದ್ದ ಅಂತಾರೆ ಅಷ್ಟೆ."

ಇವನು ತಾಯಿಯ ಕಡೆ ನೋಡಿದ. "ಕೇಳೋದ್ರಲ್ಲಿ ಏನು ಹೋಗುತ್ತೆ," ಎಂದಳು ಮುದುಕಿ. ಹೆಂಡತಿಯ ಕಡೆ ನೋಡಿದ. ಅವಳು ಬಟ್ಟೆ ಮಡಚುತ್ತ, "ನಿಮ್ಮಿಷ್ಟ," ಎಂದಳು. ಅವನ ಪಾಲಿಗೆ ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಅವಳು ಬೇಡ ಎಂದಿದ್ದರೆ ಅವನು ಅಲ್ಲಿಗೇ ಬಿಡುತ್ತಿದ್ದ. ಇದು ಅವಳಿಗೂ ಗೊತ್ತಿತ್ತು.

ಮರುದಿನ ಅಂಗಡಿಯ ಕನ್ನಡಿಗಳ ಮುಂದೆ ನಿಂತು ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿದ. ಟೀಚರ್ ಬೈದರೆ ಏನು ಹೇಳುವುದು, ಅತ್ತರೆ ಏನು ಹೇಳುವುದು, ಮುಂಗಡ ವಾಪಸ್ ತಗೊಂಡು ನಡೀರಿ ಎಂದರೆ ಏನು, ಎಲ್ಲಕ್ಕೂ ಉತ್ತರ ಹೊಂದಿಸಿಕೊಂಡು ಹೋದ. ಟೀಚರ್ ನಡುಮನೆಯ ನೆಲದಲ್ಲಿ ಕೂತು ಪುಸ್ತಕಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಅವನು ಹಣೆ ಒರೆಸಿಕೊಳ್ಳುತ್ತ ಗೋಡೆ ಎಂದ, ತೇವ ಎಂದ, ಖರ್ಚು ಎಂದ, ನಡುವೆ ಎರಡು ಸಲ ಕ್ಷಮಿಸಿ ಎಂದ.

ಟೀಚರ್ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು ಅವನ ಮುಖ ನೋಡಿದರು. "ಎಷ್ಟು ಇಳಿಸ್ಬೇಕು?"

ಅವನು ಹೇಳಿದ.

"ಆಗಲಿ," ಎಂದರು ಅವರು. "ಚಹಾ ಕುಡೀತೀರಾ?"

ಅವನ ಹತ್ತಿರ ಎಲ್ಲಕ್ಕೂ ಉತ್ತರಗಳಿದ್ದವು, ಆಗಲಿ ಎನ್ನುವವರಿಗೆ ಏನು ಹೇಳಬೇಕೆಂದು ಮಾತ್ರ ಯೋಚಿಸಿರಲಿಲ್ಲ. ಸಾಲದ್ದಕ್ಕೆ ಟೀಚರ್, "ಹಿಂದಿನ ಕೋಣೆ ಬೀರು ಇಲ್ಲೇ ಬಿಟ್ಟು ಹೋಗ್ತೀನಿ, ನೀವು ಇಟ್ಕೊಳ್ಳಿ. ಮನೇಲಿ ಎಲ್ರೂ ಹುಷಾರಾಗಿದಾರಾ?" ಎಂದರು. ಹೂಂ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಗೆದ್ದು ಬಂದವನ ನಡಿಗೆ ಅದಾಗಿರಲಿಲ್ಲ.

ಭಾವನಿಗೆ ಸುದ್ದಿ ಮುಟ್ಟಿತು. ಮೊದಲು ಬೆನ್ನು ತಟ್ಟಿದ, ಆಮೇಲೆ ಹುಬ್ಬು ಗಂಟಿಕ್ಕಿದ. "ಒಂದೇ ಮಾತಿಗೆ ಒಪ್ಪಿದ್ರಾ? ಹಾಗಿದ್ರೆ ಇನ್ನೂ ಜಾಸ್ತಿ ಕೇಳ್ಬೇಕಿತ್ತು." ತಾಯಿಯದು ಬೇರೆಯೇ ದಾರಿ. "ಬೀರೂ ಬಿಟ್ಟು ಹೋಗ್ತಾರಂತಾ? ಆ ಬೀರುವಿನ ಹಿಂದೆ ಗೋಡೆ ಬಿರುಕು ಬಿಟ್ಟಿರ್ಬೇಕು ನೋಡು." ಹೊಸ ಮನೆಗೆಂದು ಅಳತೆ ತಂದು ಕಿಟಕಿಯ ಪರದೆ ಹೊಲಿಯುತ್ತಿದ್ದ ಹೆಂಡತಿ ಅದನ್ನು ಮಡಚಿ ಮೇಲೆ ಇಟ್ಟಳು. ಅವನ ತಲೆಗೆ ಹುಳ ಬಿಡಲು ಅಷ್ಟು ಸಾಕಾಗಿತ್ತು.

ಮನೆಯಲ್ಲಿ ಏನೋ ಐಬಿದೆಯೇ? ಇದ್ದರೆ ಬಿಡಬೇಕೇ? ಬಿಟ್ಟರೆ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋಗುವುದೆಲ್ಲಿಗೆ? ಇಲ್ಲದಿದ್ದರೆ ಟೀಚರ್ ಯಾಕೆ ಒಪ್ಪಿದರು? ಕಣ್ಣಾರೆ ಕಂಡು ಇದೇ ಎಂದಿದ್ದ ಮನೆ ಈಗ ಅವನಿಗೆ ಮಸುಕು ಮಸುಕಾಗಿತ್ತು. ಅಳತೆ ತಗೊಳ್ಳಬೇಕು ಎಂಬ ನೆಪ ಹೇಳಿ ಮತ್ತೆ ಅಲ್ಲಿಗೆ ಹೋದ. ಟೀಚರ್ ಒಳಗಿದ್ದಾಗ ಹಲ್ಲು ಕಚ್ಚಿ ಬೀರುವನ್ನು ಗೋಡೆಯಿಂದ ಎಳೆದು ಇಣುಕಿದ. ಹಿಂದೆ ಧೂಳಿತ್ತು, ಒಂದು ರಬ್ಬರ್ ತುಂಡಿತ್ತು, ಗೋಡೆ ನೆಟ್ಟಗಿತ್ತು. ಬೀರು ಮತ್ತೆ ಜಾಗಕ್ಕೆ ಹೋಗದೆ ಅರ್ಧ ಗಂಟೆ ಅದರೊಂದಿಗೆ ಗುದ್ದಾಡಿದ.

ಆ ಮನೆಯ ಎದುರಿನ ಸೈಕಲ್ ರಿಪೇರಿಯವನ ಹತ್ತಿರ ಗಾಳಿ ಹಾಕಿಸುತ್ತ ಮಾತು ತೆಗೆದ. "ಈ ಮನೆ ಬಗ್ಗೆ ಏನಾದ್ರೂ ಗೊತ್ತಾ ನಿಮಗೆ?"

"ಚಿನ್ನದಂಥ ಮನೆ," ಎಂದ ರಿಪೇರಿಯವನು. ಕಾಸು ಕೊಡಹೋದರೆ ಕೈ ಅಡ್ಡ ಹಿಡಿದ. "ಬೇಡ ಬಿಡಿ ಸಾರ್. ನಿಮ್ಮ ಹತ್ರ ತಗೊಳ್ಳೋದಾ? ಎಲ್ಲಾ ಸರಿ ಹೋಗುತ್ತೆ, ಧೈರ್ಯವಾಗಿರಿ."

ಏನು ಸರಿ ಹೋಗುತ್ತದೆ? ಧೈರ್ಯ ಯಾತಕ್ಕೆ? ಇವನು ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದ, ಹತ್ತಿ ಹೋಗಬೇಕೆಂಬುದೂ ನೆನಪಾಗಲಿಲ್ಲ. ಅಂಗಡಿಯಲ್ಲಿ ಯಾರದ್ದೋ ಓದುವ ಕನ್ನಡಕವನ್ನು ಇನ್ಯಾರಿಗೋ ಕೊಟ್ಟು ಕಳಿಸಿದ. ಆ ಮನುಷ್ಯ ಬಾಗಿಲ ಮೆಟ್ಟಿಲು ಎಡವಿ ವಾಪಸ್ ಬಂದು ಸರಿಯಾಗಿ ಉಗಿದ. ನನ್ನನ್ನು ಕೇಳಿದರೆ ಆ ಉಗಿತ ಭಾವನಿಗೆ ಸಲ್ಲಬೇಕಿತ್ತು.

ಮೂರನೆಯ ದಿನ ಟೀಚರೇ ಅಂಗಡಿಗೆ ಬಂದರು. ಸಾಮಾನು ಕಟ್ಟುವಾಗ ಕನ್ನಡಕದ ಮೇಲೆ ಕೂತುಬಿಟ್ಟಿದ್ದರಂತೆ. ಫ್ರೇಮನ್ನು ಹೇಗಾದರೂ ಬೆಸೆದುಕೊಡಿ, ಹೊಸದು ಬೇಡ, ಗಾಜು ಮಾತ್ರ ಬದಲಿಸಿ ಎಂದರು. ಅವನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆಯ ಚೌಕಟ್ಟು ಏರಿಸಿದ. ಅದರ ಹಿಂದೆ ಅವರಿಗೆ ತನ್ನ ಮುಖ ಸರಿಯಾಗಿ ಕಾಣುತ್ತಿಲ್ಲ ಎಂಬ ಧೈರ್ಯದ ಮೇಲೆ, ಗಾಜು ಹಾಕುತ್ತಲೇ ಕೇಳಿಬಿಟ್ಟ.

"ಟೀಚರ್, ನಾನು ಇಳಿಸಿ ಅಂದಾಗ ನೀವು ಯಾಕೆ ತಕ್ಷಣ ಒಪ್ಕೊಂಡ್ರಿ?"

"ಅದರ ಬಗ್ಗೆ ಯಾಕೆ ಈಗ? ನಿಮಗೆ ಮುಜುಗರ ಆಗ್ಬಾರ್ದು ಅಂತಾನೇ ಕೇಳಿರ್ಲಿಲ್ಲ."

"ಪರವಾಗಿಲ್ಲ, ಹೇಳಿ."

"ಗೋಡೆ ತೇವ ಇರೋದು ನಾನೇ ತೋರ್ಸಿದ್ದೆ. ಅದನ್ನ ನೋಡಿಯೇ ನೀವು ಬೆಲೆ ಒಪ್ಪಿದ್ರಿ. ಹಾಗಾಗಿ ಕಾರಣ ಅದಲ್ಲ ಅಂತ ಗೊತ್ತಾಯ್ತು. ಹೇಳೋಕಾಗದೆ ಬೆವರ್ತಾ ಇದ್ರಿ. ಫೀಸು ಕಟ್ಟೋಕಾಗಲ್ಲ ಅಂತ ಹೇಳೋಕೆ ಬರ್ತಿದ್ದ ಮಕ್ಕಳು ಹಾಗೇ ನಿಲ್ತಾ ಇದ್ರು. ಮನೇಲಿ ಯಾರಿಗೋ ಕಾಯಿಲೆಯೋ, ವ್ಯಾಪಾರ ಬಿದ್ದುಹೋಯ್ತೋ, ಏನೋ ದೊಡ್ಡ ಕಷ್ಟ ಬಂದಿದೆ ಅಂದ್ಕೊಂಡೆ." ಅವರು ಮೂಗಿನ ಮೇಲಿನ ಚೌಕಟ್ಟು ಸರಿಮಾಡಿಕೊಂಡರು. "ಮನೆ ಎದುರಿನ ಸೈಕಲ್ ಅಂಗಡಿಯವನಿಗೂ ಹೇಳಿದ್ದೆ, ಹೊಸದಾಗಿ ಬರೋರಿಗೆ ಒಂಚೂರು ಸಹಾಯ ಮಾಡಪ್ಪ ಅಂತ. ತಪ್ಪು ತಿಳ್ಕೋಬೇಡಿ."

ಹೌದು, ಕಷ್ಟ ಇತ್ತು, ಈಗ ಪರವಾಗಿಲ್ಲ ಎಂದು ಅವನು ಹೇಳಿಬಿಡಬಹುದಿತ್ತು. ಒಂದು ಗಳಿಗೆ ಅದೇ ಬಾಯಿಗೂ ಬಂತು. ಆದರೆ ಹಾಗೆಂದರೆ ಆ ಮನೆಯಲ್ಲಿ ಆಯುಷ್ಯಪೂರ್ತಿ ಇಲ್ಲದ ಕಾಯಿಲೆಯವರಾಗಿ ಬದುಕಬೇಕಾಗುತ್ತದೆ ಎನಿಸಿತು.

"ನಮಗೆ ಏನೂ ಕಷ್ಟ ಇಲ್ಲ ಟೀಚರ್," ಎಂದ. "ಭಾವ ಕೇಳಿ ನೋಡಿ ಅಂದ. ಕೇಳಿದೆ ಅಷ್ಟೆ."

ಟೀಚರ್ ಚೌಕಟ್ಟನ್ನು ಎರಡೂ ಕೈಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಲೆಕ್ಕ ಅರ್ಥವಾಗದ ಮಗುವಿನ ಹಾಗೆ ಅವನನ್ನು ನೋಡಿದರು.

"ಕಷ್ಟ ಇಲ್ದೇ ಇದ್ರೆ ಯಾಕೆ ಕೇಳಿದ್ರಿ?"

ಎಲ್ಲರೂ ಕೇಳುತ್ತಾರೆ ಎನ್ನಬೇಕೆಂದುಕೊಂಡ, ಅದು ಉತ್ತರವಲ್ಲ ಎಂದು ಅವನಿಗೇ ಅನ್ನಿಸಿತು. "ಗೊತ್ತಿಲ್ಲ ಟೀಚರ್," ಎಂದ. "ಮೊದಲು ಮಾತಾಡಿದ ಬೆಲೇನೇ ಕೊಡ್ತೀನಿ. ಪೂರ್ತಿ."

"ಕೊಡಿ, ತಗೋತೀನಿ. ನನ್ನ ಹತ್ರ ದುಡ್ಡೇನು ಹೆಚ್ಚಾಗಿ ಬಿದ್ದಿಲ್ಲ," ಎಂದರು ಅವರು ನೇರವಾಗಿ. ಆಮೇಲೆ ಚೌಕಟ್ಟಿನ ತಿರುಪನ್ನು ತಿರುಗಿಸುತ್ತ, "ಆದ್ರೆ ನೆಲಮಹಡಿ ಮನೆ ಹೋಯ್ತು. ಗೆಳತಿ ಮನೆ ಎದುರಿಗೇ ಇತ್ತು. ದುಡ್ಡು ಸಾಲಲ್ಲ ಅಂತ ನೀವು ಬಂದುಹೋದ ಸಂಜೆಯೇ ಬಿಟ್ಟುಕೊಟ್ಟೆ. ಮಾರನೇ ದಿನಾನೇ ಬೇರೆಯವರು ಹಿಡಿದ್ರು. ಈಗ ಅದೇ ಕಟ್ಟಡದಲ್ಲಿ ಮೇಲಿನದ್ದು ತಗೊಂಡಿದೀನಿ. ಲಿಫ್ಟ್ ಇಲ್ಲ," ಎಂದರು. ನೋಯುವ ಮಂಡಿಯನ್ನು ಮುಟ್ಟಿಯೂ ನೋಡಿಕೊಳ್ಳಲಿಲ್ಲ. ಆದರೆ ಎದ್ದು ನಿಲ್ಲುವಾಗ ಸ್ಟೂಲಿನ ಅಂಚು ಹಿಡಿದುಕೊಂಡರು, ಅವನು ನೋಡಿದ.

ಆ ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅಣ್ಣನ ಮೇಲೆ ಹರಿಹಾಯುತ್ತಾಳೆ, ಇಲ್ಲವೇ ತನ್ನ ಮೇಲೆ, ಎಂದುಕೊಂಡಿದ್ದ. ಅವಳು, "ಅವತ್ತು ನನಗೆ ಬೇಡ ಅನ್ನಿಸಿತ್ತು ರೀ. ಉಳಿದ ದುಡ್ಡಲ್ಲಿ ಹಿಂದಿನ ಕೋಣೆ ಗೋಡೆ ಮಾಡಿಸ್ಬಹುದು ಅಂತಾನೂ ಅನ್ನಿಸ್ತು. ಅದಕ್ಕೇ ನಿಮ್ಮಿಷ್ಟ ಅಂದೆ," ಎಂದಳು. ಇಬ್ಬರಿಗೂ ಒಬ್ಬರನ್ನೊಬ್ಬರು ಬೈಯಲು ಜಾಗವೇ ಉಳಿಯಲಿಲ್ಲ.

ನೆಲಮಹಡಿ ಹಿಡಿದವರ ಹತ್ತಿರ ಹೋಗಿ ಬೇಡಿಕೊಂಡ. ಎಳೇ ಮಗುವಿನ ತಾಯಿ ಬಾಗಿಲಲ್ಲೇ ನಿಂತು, "ನಾವೂ ಮುಂಗಡ ಕೊಟ್ಟಿದೀವಲ್ಲ ಸಾರ್, ಮಾತು ಅಂದ್ರೆ ಮಾತು ತಾನೆ," ಎಂದಳು. ಅದಕ್ಕೆ ಅವನು ಏನು ಹೇಳಿಯಾನು? ನೋಂದಣಿ ಮೊದಲಿನ ಬೆಲೆಗೇ ಆಯಿತು. ಸಹಿ ಮಾಡಿದ ಮೇಲೆ ಟೀಚರ್ ಹೆಂಡತಿಯ ಕೈ ಹಿಡಿದು, "ಅಡುಗೆಮನೇಲಿ ಬೆಳಗ್ಗೆ ಬೆಳಕು ಚೆನ್ನಾಗಿ ಬರುತ್ತೆ," ಎಂದರು. ಅವನಿಗೆ ಏನೂ ಹೇಳಲಿಲ್ಲ.

ಅವರು ಮನೆ ಬಿಡುವ ದಿನ ಅವನು ಅಂಗಡಿ ಮುಚ್ಚಿ ಸಾಮಾನು ಹೊರಲು ಹೋದ. ಬೇಡ ಎಂದರೂ ಕೇಳಲಿಲ್ಲ. ಹೊಸ ಕಟ್ಟಡದ ನೆಲಮಹಡಿಯ ಬಾಗಿಲು ತೆರೆದಿತ್ತು, ಒಳಗೆ ಮಗು ಅಳುತ್ತಿತ್ತು. ಎದುರು ಬಾಗಿಲಲ್ಲಿ ಟೀಚರರ ಗೆಳತಿ ನಿಂತು ಇವರನ್ನೇ ನೋಡುತ್ತಿದ್ದಳು. ಪುಸ್ತಕದ ಡಬ್ಬ ಹೊತ್ತು ಅವನು ಮೆಟ್ಟಿಲು ಹತ್ತತೊಡಗಿದ. ಟೀಚರ್ ಅವನ ಮುಂದೆ ಇದ್ದರು, ಮೆಟ್ಟಿಲ ಕಂಬಿ ಹಿಡಿದು, ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ತಂದಿಟ್ಟುಕೊಂಡು, ಆಮೇಲೆ ಮುಂದಿನದಕ್ಕೆ ಏರುತ್ತ. ತಿರುವಿನಲ್ಲಿ ನಿಂತರು. ಡಬ್ಬ ಇಳಿಸಿ ಕೈ ಕೊಡಬೇಕೋ, ಕೊಟ್ಟರೆ ಹಿಡಿದಾರೋ, ಸುಮ್ಮನೆ ಹಿಂದೆ ನಿಂತರೆ ಅವಸರ ಮಾಡಿದಂತಾಗುತ್ತದೋ ಅವನಿಗೆ ತಿಳಿಯಲಿಲ್ಲ. ಟೀಚರ್ ಗೋಡೆಯ ಕಡೆ ಸರಿದು ದಾರಿ ಬಿಟ್ಟರು.

"ನೀವು ಮುಂದೆ ಹೋಗಿ," ಎಂದರು. "ನನಗಿನ್ನು ದಿನಾ ಇದ್ದಿದ್ದೇ."