ಬಲೆಯ ಕಲ್ಲಿಗೆ ಅಂಟಿದ ಕೆಸರು

ಸತ್ಯಮೂರ್ತಿಯವರು ಮೀನು ತಿಂದವರಲ್ಲ. ಮೈಸೂರಿನಿಂದ ಬಂದು ಮುಂಬಯಿಯ ಮೀನುಗಾರಿಕೆ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಅವರು ಒಂಬತ್ತು ಮಳೆಗಾಲ ದೋಣಿಗಳು ಬಂದು ನಿಲ್ಲುವ ವರ್ಸೋವಾದ ಧಕ್ಕೆಯಲ್ಲಿ ಕೊಡೆ ಹಿಡಿದು ನಿಂತು ಮೀನು ಅಳೆದರು. ಅವರ ಮನಸ್ಸೆಲ್ಲ ಪಾಲಾ ಮೀನಿನ ಮೇಲೆ. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಖಾಡಿಯ ಹಿನ್ನೀರು ಹಾದು ನದಿಗೆ ಏರುವ ಬೆಳ್ಳಿ ಬಣ್ಣದ ಮೀನು ಅದು. ಮೊದಲು ಬುಟ್ಟಿಗಟ್ಟಲೆ ಬರುತ್ತಿದ್ದದ್ದು ಈಗ ಬೆರಳೆಣಿಕೆಗೆ ಇಳಿದಿತ್ತು.

"ಎಲ್ಲಿ ಸಿಕ್ಕಿತು?" ಎಂದು ಆ ದೋಣಿ ನಡೆಸಿದ ತಾಂಡೇಲನನ್ನು ಕೇಳುವರು.

"ಬಾಂದ್ರಾ ಕಡೆ, ಸಾಹೇಬ್."

ಅವರ ನಕಾಶೆಯಲ್ಲಿ ಬಾಂದ್ರಾದ ಎದುರಿನ ನೀರಿನ ಮೇಲೆ ಒಂದು ಕೆಂಪು ಚುಕ್ಕೆ ಬೀಳುವುದು. ಚುಕ್ಕೆಗಳು ದಟ್ಟವಾದಲ್ಲಿ ಮುಂದೆಯೂ ಪಾಲಾ ಬರುತ್ತದೆಂಬುದು ಅವರ ಲೆಕ್ಕ. 1989ರ ಜೂನಿನಲ್ಲಿ ಕಚೇರಿ ಆ ನಕಾಶೆ ಕೇಳಿತು. ಚುಕ್ಕೆಗಳಿದ್ದಲ್ಲಿ ಮಳೆಗಾಲದ ಎರಡು ತಿಂಗಳು ಬಲೆ ನಿಷೇಧಿಸಿ, ಉಳಿದಷ್ಟು ಮೀನನ್ನಾದರೂ ಉಳಿಸುವ ಯೋಚನೆಯಿತ್ತು.

ನಕಾಶೆ ಒಪ್ಪಿಸುವ ದಿನ ಬೆಳಿಗ್ಗೆ ಆ ವರ್ಷದ ಮೊದಲ ಪಾಲಾ ಬಂತು. ಹೊಟ್ಟೆ ತುಂಬ ಮೊಟ್ಟೆ. ತಾಂಡೇಲ ಎಂದಿನಂತೆ ಬಾಂದ್ರಾ ಎಂದ. ಬಲೆ ತೊಳೆಯುತ್ತಿದ್ದ ವಿಜಾಪುರದ ಸುಂದ್ರವ್ವ ಕಿಸಕ್ಕನೆ ನಕ್ಕಳು.

"ಯಾಕಮ್ಮ ನಗ್ತೀಯ?"

"ತಿನ್ನದವ್ರಿಗೆ ಮೀನದ ಲೆಕ್ಕ ಕೊಟ್ಟಾರಲ್ರೀ, ಅದಕ್ಕ. ತುಂಬಿದ ಬಲಿ ಎಲ್ಲಿಂದ ತಂದೆ ಅಂತ ಈ ಧಕ್ಕ್ಯಾಗ ಯಾರು ಖರೇ ಹೇಳ್ತಾರ? ಹೇಳಿದ್ರ ಸಮುದ್ರಕ್ಕ ಸಿಟ್ಟ ಬರತೈತಂತ. ಬಡಗಲಕ್ಕ ಹೋದವ ತೆಂಕಲಕ್ಕ ಹೋಗಿದ್ದೆ ಅಂತಾನ." ಬಲೆಗೆ ಕಟ್ಟಿದ ಭಾರದ ಕಲ್ಲನ್ನು ಅವಳು ಎತ್ತಿ ತೋರಿಸಿದಳು. ಕಲ್ಲಿಗೆ ಕಪ್ಪು ಕೆಸರು ಅಂಟಿತ್ತು. "ಬಾಂದ್ರಾದಾಗ ಬರೇ ಉಸುಕು. ಇದು ವಸಈ ಖಾಡಿ ಬಾಯಾಗಿಂದು."

"ಒಂಬತ್ತು ವರ್ಷ ಯಾಕಮ್ಮ ಹೇಳಲಿಲ್ಲ?"

"ನೀವು ಕೇಳಿದ್ದು ತಾಂಡೇಲನ್ನ. ನನ್ನ ಯಾವಾಗ ಕೇಳಿದ್ರಿ?"

ಸತ್ಯಮೂರ್ತಿಯವರು ನಕಾಶೆಯ ಸುರುಳಿ ಹಿಡಿದು ಕಚೇರಿಗೆ ಹೊರಟರು. ನಕಾಶೆ ಹಾಗೇ ಹೋದರೆ ಬಾಂದ್ರಾದ ಖಾಲಿ ನೀರಿಗೆ ಕಾವಲು. ಖಾಡಿಯ ಬಾಯಲ್ಲಿ ಮೊಟ್ಟೆ ಹೊತ್ತ ಮೀನಿಗೆ ಬಲೆ. ಹೋಗದಿದ್ದರೆ ಒಂಬತ್ತು ವರ್ಷದ ದುಡಿಮೆ ಸುಳ್ಳೆಂದು ತಾವೇ ಹೇಳಬೇಕು.

ಹೇಳಿದರು. ಮೇಲಧಿಕಾರಿ ನಕಾಶೆಯನ್ನು ಸುತ್ತಿ ಹಿಂದಕ್ಕೆ ಕೊಟ್ಟು, "ಇದನ್ನು ಯಾರಿಗೂ ತೋರಿಸಬೇಡಿ" ಎಂದರು. ಆ ವರ್ಷ ನಿಷೇಧವೂ ಆಗಲಿಲ್ಲ, ಬಡ್ತಿ ಪಟ್ಟಿಯಲ್ಲಿ ಸತ್ಯಮೂರ್ತಿಯವರ ಹೆಸರೂ ಬರಲಿಲ್ಲ.

ಮುಂದಿನ ಎರಡು ಮಳೆಗಾಲ ಅವರು ತಾಂಡೇಲನನ್ನು ಕೇಳಲಿಲ್ಲ. ಪಾಲಾ ಬಂದ ಬಲೆಯ ಕಲ್ಲನ್ನು ತೊಳೆಯುವ ಮೊದಲು ಸುಂದ್ರವ್ವ ಕರೆಯುತ್ತಿದ್ದಳು. ಕೆಸರನ್ನು ಸಣ್ಣ ಶೀಶೆಗೆ ತುಂಬಿ, ಅವಳು ಹೇಳಿದ ಜಾಗದ ಹೆಸರು ಅಂಟಿಸುತ್ತಿದ್ದರು. ಹತ್ತೊಂಬತ್ತು ಶೀಶೆಗಳಾದವು. ಹೊಸ ನಕಾಶೆಯ ಚುಕ್ಕೆಗಳೆಲ್ಲ ಖಾಡಿಯ ಬಾಯಲ್ಲಿ ಸೇರಿದವು. 1992ರಲ್ಲಿ ಅಲ್ಲಿ ಬಲೆಗೆ ನಿಷೇಧ ಬಂತು.

ಆ ಮಳೆಗಾಲ ಧಕ್ಕೆಗೆ ಒಂದೂ ಪಾಲಾ ಬರಲಿಲ್ಲ.

"ನದಿಗೆ ಹತ್ತ್ಯಾವೋ, ಮುಗದಽ ಹೋಗ್ಯಾವೋ, ಸಾಹೇಬ್ರ?" ಸುಂದ್ರವ್ವ ಕೇಳಿದಳು.

"ಗೊತ್ತಿಲ್ಲಮ್ಮ. ಇಲ್ಲಿ ನಿಂತು ತಿಳಿಯೋ ಹಾಗಿಲ್ಲ."

ಪುಸ್ತಕದಲ್ಲಿ ಸೊನ್ನೆ ಬರೆದರು. ಸಿಕ್ಕಿದ ಜಾಗ ಎಂಬಲ್ಲಿ ಏನನ್ನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಮತ್ತೆ ಬಂದು, ತಾಂಡೇಲರನ್ನು ದಾಟಿ, ಬಲೆ ತೊಳೆಯುವ ಕಡೆಗೆ ನಡೆದರು.