ನಲ್ಲಿ ಕಿತ್ತ ದಿನದ ಗಂಗೆ ಪೂಜೆ

"ಗಂಗಮ್ಮನ್ನೇ ಕಿತ್ಕಂಡ್ ಹೊಂಟಿದೀಯಲ್ಲ, ಇನ್ ಪೂಜೆ ಯಾರಿಗ್ಲಾ ಮಾಡ್ಸಾದು?" ಮರಳೂರಿನ ನಮ್ಮ ಬೀದಿಯಲ್ಲಿ ಅಜ್ಜಿಯೊಬ್ಬರು ಗುತ್ತಿಗೆದಾರನ ಆಳನ್ನು ತಡೆದು ನಿಲ್ಲಿಸಿದ್ದರು. ಅವನ ಕೈಯಲ್ಲಿ ಆಗಷ್ಟೇ ಕಿತ್ತ ಬೀದಿ ನಲ್ಲಿಯಿತ್ತು. ಅಜ್ಜಿಯ ಪಕ್ಕದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದ ಬಾಣಂತಿ ಸೊಸೆ. ಗಂಗೆ ಪೂಜೆ ಆಗದೆ ಆಕೆ ನೀರು ಹೊರುವಂತಿರಲಿಲ್ಲ.

"ನೀರು ಬುಡೋದು ಈಗ ಕಂಪನಿಗೆ ವಹಿಸವ್ರೆ ಕಣಜ್ಜಿ. ಮನೆಗೆ ಮೀಟರ್ ಹಾಕಿಸ್ಕಳಿ," ಎಂದ ಅವನು.

"ಮಳೆಗೂ ಒಂದು ಹಾಕ್ಬುಡ್ಲಾ!"

ನಾನು ಅವರಿಬ್ಬರನ್ನೂ ನಮ್ಮ ಅಂಗಳದ ನಲ್ಲಿಗೆ ಕರೆದೆ. ಸೊಸೆ ಅದಕ್ಕೆ ಅರಿಶಿನ ಹಚ್ಚಿ, ಹೂವಿಟ್ಟು, ಬಿಂದಿಗೆ ತುಂಬಿಕೊಂಡಳು. ಹೊರಡುವಾಗ ಗೇಟಿನ ಬಳಿ ನಿಂತು, "ಅಕ್ಕಾ, ನಾಳೆನೂ ಬರ್ಲಾ?" ಎಂದು ಮೆಲ್ಲಗೆ ಕೇಳಿದಳು. ಬಾ ಎಂದೆ. ಬಾಯಿಬಿಟ್ಟು ಅಂದೆನೋ, ಬರೀ ತಲೆಯಾಡಿಸಿದೆನೋ, ಈಗ ಖಚಿತವಿಲ್ಲ.

ಬೀದಿ ನಲ್ಲಿಯ ನೀರು ಚರಂಡಿಗೆ ಹರಿಯುವುದನ್ನು ನೋಡಿ, ಮೀಟರೇ ಸರಿ ಎಂದು ವಾದಿಸುತ್ತಿದ್ದವಳು ನಾನು. ಅದು ಪೂರ್ತಿ ತಪ್ಪು ಎನ್ನಲು ಇವತ್ತಿಗೂ ಮನಸ್ಸಾಗದು. ಆದರೆ ಅಲ್ಲಿಯವರೆಗೆ ಯಾರನ್ನೂ ಕೇಳದೆ ನೀರು ಹಿಡಿಯುತ್ತಿದ್ದ ಮನೆಯವಳು ಅವತ್ತು ನನ್ನ ಅಪ್ಪಣೆ ಕೇಳಿದಳಲ್ಲ, ಅದನ್ನು ಕೊಡುವ ಹಕ್ಕು ನನಗೆ ಯಾವಾಗ ಬಂತು ಎಂಬುದೇ ತಿಳಿಯುತ್ತಿಲ್ಲ.