ಅಗಲೇ ಸಾಲ್

ಅಪ್ಪ ಮುರ್ಮುಗಾಂವ್ ಬಂದರಿನ ಹತ್ತಿರ ಹಡಗು ಕಟ್ಟುವ ಯಾರ್ಡಿನಲ್ಲಿ ಪೇಂಟಿಂಗ್ ಕೆಲಸಕ್ಕಿದ್ದ. ನೌಕಾದಳದ ಹಡಗುಗಳಿಗೆ ಬೂದು ಬಣ್ಣ ಬಳಿದು ಬಳಿದು ಅವನ ಉಗುರುಗಳೂ ಬೂದಾಗಿದ್ದವು. ಊಟಕ್ಕೆ ಕೂತಾಗ ಅವ್ವ ಅದನ್ನು ನೋಡಿ ಮೂಗು ಮುರಿಯುತ್ತಿದ್ದಳು. ಈಗ ಆ ಕೊಳಕು ಉಗುರುಗಳನ್ನು ನೋಡಬೇಕೆಂದು ನನ್ನ ಜೀವ ಹಂಬಲಿಸುತ್ತದೆ.

ಒಂದು ಹಡಗು ನೀರಿಗಿಳಿದ ಮೇಲೆ ಯಾರ್ಡಿನಲ್ಲಿ ಕೆಲಸ ನಿಂತಿತು. ಮುಂದಿನ ಹಡಗಿಗೆ ದಿಲ್ಲಿಯಿಂದ ಹಣ ಮಂಜೂರಾಗಿರಲಿಲ್ಲ. ವಿಚಾರಿಸಲು ಅಪ್ಪನ ಜೊತೆ ಅವ್ವನೂ ಗೇಟಿಗೆ ಹೋದಳು. ಅಪ್ಪನನ್ನು ಕೆಲಸಕ್ಕೆ ಹಚ್ಚಿದ್ದ ಠೇಕೇದಾರ ಹಿಂದಿಯಲ್ಲಿ ಹೇಳಿದ್ದು ಎರಡೇ ಮಾತು: "ಅಗಲೇ ಸಾಲ್." ಮುಂದಿನ ವರ್ಷ ಎಂದು. ಗೋವಾಕ್ಕೆ ಬಂದು ಎಷ್ಟು ಕಾಲವಾದರೂ ಅವ್ವನಿಗೆ ಹಿಂದಿ ಹತ್ತಿರಲಿಲ್ಲ.

"ಅಯ್ಯ, ಸರಕಾರಕ್ಕ ಆಗಲೇ ಸಾಲ ಆಗೈತೇನ್ರಿ? ಪಾಪ!" ಎಂದಳು.

ಗೇಟಿನಲ್ಲಿದ್ದವರೆಲ್ಲ ನಕ್ಕರು. ಸಾಲ್ ಅಂದರೆ ವರ್ಷ ಎಂದು ಅವಳಿಗೆ ಹೇಳಿ ಅಪ್ಪ ಮನೆಯ ತನಕ ನಗುತ್ತಲೇ ಬಂದ.

ಆಮೇಲೆ ಅವನು ಅದೇ ಠೇಕೇದಾರನ ಹಿಂದೆ ವಿಶಾಖಪಟ್ಟಣಕ್ಕೆ, ಹಡಗು ರಿಪೇರಿಗೆ ಹೋದ. ಇಲ್ಲಿ ಹೊಸ ಹಡಗು ಮಂಜೂರಾದ ದಿನವೇ ವಾಪಸ್ ಎಂದು ಮಾತು ಕೊಟ್ಟ. ಹಾಗಾಗಿ ಬಜೆಟ್ಟಿನ ದಿನ ಅವ್ವ ಒಲೆ ಆರಿಸಿ ಟಿವಿ ಮುಂದೆ ಕೂರುತ್ತಿದ್ದಳು. ಕಾಮರ್ಸ್ ಓದುವ ಜಂಬ ನನಗೆ, ಒಮ್ಮೆ ಬಿಡಿಸಿ ಹೇಳಿದೆ. ರಕ್ಷಣೆಗೆ ಇಡುವ ಹಣದಲ್ಲಿ ಪಗಾರ, ಪಿಂಚಣಿ ಮೊದಲು. ಖಜಾನೆಗೆ ಬಂದದ್ದು ಸಾಲದೆ ಸರಕಾರ ಸಾಲ ಎತ್ತುತ್ತದೆ, ಹಳೆಯದರ ಬಡ್ಡಿಯನ್ನೂ ಕಟ್ಟುತ್ತದೆ. ಹೊಸ ಹಡಗು ಕಾಯಬೇಕಾಗುತ್ತದೆ.

"ಹಂಗಾದ್ರ ನಾ ಅಂದದ್ದ ಖರೇ ಆತಲ್ಲ? ಸುಮ್ಮನ ನಕ್ರು ಎಲ್ಲಾರೂ."



ಹೀಗೆ ಮೂರು ವರ್ಷ. ಅಪ್ಪ ಹಬ್ಬಕ್ಕೆ ನಾಲ್ಕು ದಿನ ಬಂದು ಹೋದದ್ದಷ್ಟೇ. ಅವನು ಬಿಟ್ಟುಹೋದ ಅಂಗಿಯನ್ನು ಅವ್ವ ಆಗಾಗ ಒಗೆದು ಒಣಹಾಕುತ್ತಾಳೆ. ಕಾಲರಿನ ಬೂದು ಕಲೆಯನ್ನು ಮಾತ್ರ ಉಜ್ಜುವುದಿಲ್ಲ. ನಾನೂ ಕೇಳಿಲ್ಲ.

ಈ ವರ್ಷ ಹಡಗು ಮಂಜೂರಾಯಿತು. ಅವ್ವ ನನ್ನಿಂದ ಫೋನ್ ಹಚ್ಚಿಸಿ, "ಬರ್ರಿ ಇನ್ನ, ಹಡಗ ಬಂತು" ಎಂದಳು. ಅಪ್ಪ ಈಗಲೇ ಬರಲಾಗದು ಎಂದ. ನನ್ನ ಕಾಲೇಜಿನ ಫೀಸಿಗೆಂದು ಠೇಕೇದಾರನಿಂದ ಮುಂಗಡ ತೆಗೆದುಕೊಂಡಿದ್ದನಂತೆ. ಅದು ತೀರುವ ತನಕ ಠೇಕೇದಾರ ಬಿಡುವುದಿಲ್ಲವಂತೆ. ನನಗೆ ನೆಲ ನೋಡುವಂತಾಯಿತು. ಅವ್ವನನ್ನು ನಗಿಸಲು ಅಪ್ಪ ಹಳೆಯ ತಮಾಷೆ ಎತ್ತಿದ: "ಅಗಲೇ ಸಾಲ್ ಬರತೇನಿ, ತಗೋ."

ಅವ್ವ ನಗಲಿಲ್ಲ.

"ಅವನ ಮುಂಗಡ ತೀರಸ್ರಿ, ಬ್ಯಾಡ ಅನ್ನಂಗಿಲ್ಲ. ನನ್ನವು ಮೂರು ಸಾಲ ಅದಾವಲ್ಲ, ಅವನ್ನ ಯಾವಾಗ ತೀರಸ್ತೀರಿ?"